ಅಪ್ಪನ ಪಾದದ ಬಿಳಿ ಗೆರೆ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 1.40

ಜೆಲ್ ಬಾಟಲಿಗಳನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಆಯಿತು. ಬೆಳಗಿನಿಂದ ಹತ್ತೊಂಬತ್ತು ಹೊಟ್ಟೆ, ಎರಡು ಕುತ್ತಿಗೆ, ಒಂದು ಮೊಣಕೈ. ಸ್ಕ್ಯಾನ್ ಕಲಿಸುವ ಮೇಡಂ ಊಟಕ್ಕೆ ಹೋಗಿದ್ದಾರೆ. ಅಲ್ಟ್ರಾಸೌಂಡ್ ಕೋಣೆಯ ಸರ್ವಾಧಿಕಾರ ಇನ್ನು ಇಪ್ಪತ್ತು ನಿಮಿಷ ಈ ಬಡ ಟ್ರೇನಿಯ ಕೈಯಲ್ಲಿ. ಪಟ್ಟಾಭಿಷೇಕವಾದ ಕೂಡಲೇ ಮೊದಲ ರಾಜಾಜ್ಞೆ ಹೊರಡಿಸಿದೆ — ಫ್ಯಾನ್ ಮೂರರಿಂದ ಐದಕ್ಕೆ.

ಈಗ ಇತಿಹಾಸ. ಮುಂದಿನ ತಲೆಮಾರಿಗೆ ಬೇಕಾಗುತ್ತದೆ.

ಅಪ್ಪ ವಾಚ್ ರಿಪೇರಿಯವರು. ಮೂವತ್ತೊಂದು ವರ್ಷದಿಂದ ಒಂದೇ ಸ್ಟೂಲು, ಒಂದೇ ಕಣ್ಣಿಗೆ ಒಂದೇ ಭೂತಗನ್ನಡಿ. ದೊಡ್ಡತ್ತೆ ಅಪ್ಪನ ಅಕ್ಕ, ರಿಟೈರ್ಡ್ ಪಿ.ಟಿ. ಟೀಚರ್. ವಿಸಿಲ್ ಇಲ್ಲದಿದ್ದರೂ ವಿಸಿಲ್ ಊದಿದ ಹಾಗೇ ಮಾತಾಡುತ್ತಾರೆ. ಇಬ್ಬರ ನಡುವೆ ನಲವತ್ತೇಳು ವರ್ಷದ ವ್ಯಾಜ್ಯ: ತಾತನ ಲೋಲಕದ ಗಡಿಯಾರ ಕೆಡಿಸಿದ್ದು ಯಾರು? ಆಗ ಅಪ್ಪನಿಗೆ ಒಂಬತ್ತು, ಅತ್ತೆಗೆ ಹದಿನಾಲ್ಕು. ಏಟು ಬಿದ್ದದ್ದು ಇಬ್ಬರಿಗೂ. ತೀರ್ಪು ಇವತ್ತಿಗೂ ಬಂದಿಲ್ಲ. ಆ ಗಡಿಯಾರ ಅಪ್ಪನ ಅಂಗಡಿ ಗೋಡೆಯಲ್ಲಿ ನಾಲ್ಕು ಇಪ್ಪತ್ತಕ್ಕೆ ನಿಂತುಬಿಟ್ಟಿದೆ. ಕಂಡವರ ಗಡಿಯಾರವನ್ನೆಲ್ಲ ರಿಪೇರಿ ಮಾಡುವ ಮನುಷ್ಯ ಅದನ್ನು ಮಾತ್ರ ಮುಟ್ಟುವುದಿಲ್ಲ. "ನ್ಯಾಯ ಸಿಗೋವರೆಗೂ ಅದು ನಡೆಯಲ್ಲ."

ಈ ತಿಂಗಳು ನ್ಯಾಯ ಸಿಗಲಿದೆ. ಇಬ್ಬರೂ ಹೆಜ್ಜೆ ಎಣಿಸುವ ಬ್ಯಾಂಡ್ ಕಟ್ಟಿಕೊಂಡಿದ್ದಾರೆ. ದಿನದ ಲೆಕ್ಕ, ನಿಮಿಷ ನಿಮಿಷದ ಗ್ರಾಫ್ ಸಮೇತ, ತಾನಾಗಿ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತದೆ. ಮೂವತ್ತೊಂದನೇ ತಾರೀಖಿಗೆ ಯಾರ ಹೆಜ್ಜೆ ಕಡಿಮೆಯೋ ಅವರು ಇಡೀ ಬಳಗದ ಮುಂದೆ "ಗಡಿಯಾರ ಕೆಡಿಸಿದ್ದು ನಾನೇ" ಎಂದು ಬರೆದು ಸಹಿ ಹಾಕಬೇಕು. ಪತ್ರದ ಕರಡು ನನ್ನದೇ. ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಅತ್ತೆಯ ಬ್ಯಾಂಡಿನ ಪಟ್ಟಿ ಕಿತ್ತುಹೋಗಿದೆ. ಅಂಟಿಸಿಕೊಡು ಎಂದು ಕೊಟ್ಟರು. ನನ್ನ ಕೋಟಿನ ಜೇಬಿನಲ್ಲಿದೆ.

ಎದುರಿನ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳನ್ನು ತೊಟ್ಟಿಲಿನಂತೆ ತೂಗುವ ಯಂತ್ರವಿದೆ. ರಕ್ತ ಹೆಪ್ಪುಗಟ್ಟಬಾರದೆಂದು ಇಡೀ ದಿನ ಆಚೆ-ಈಚೆ, ಆಚೆ-ಈಚೆ...

ಒಂದು ಆಲೋಚನೆ ಬಂದಿದೆ. ಶುದ್ಧ ವೈಜ್ಞಾನಿಕವಾದದ್ದು.

ಮಾರ್ಚ್ 5, ಬುಧವಾರ

ನಿನ್ನೆ ಅತ್ತೆಯ ಹೆಜ್ಜೆ: 22,904. ಅಪ್ಪ: 8,310.

ಇದರಲ್ಲಿ ಅತ್ತೆ ಸ್ವತಃ ನಡೆದದ್ದು ಮೂರು ಸಾವಿರವೂ ಇಲ್ಲ. ಉಳಿದದ್ದು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಟ್ಯೂಬುಗಳ ಪಕ್ಕದಲ್ಲಿ ಮಲಗಿಕೊಂಡು ತೂಗಿಸಿಕೊಂಡದ್ದು. ಲ್ಯಾಬ್ ಗೆಳತಿ ಬ್ಯಾಂಡಿಗೆ ಒಂದು ಲೇಬಲ್ಲನ್ನೂ ಅಂಟಿಸಿದ್ದಳು: "ರೋಗಿ: ಅತ್ತೆ. ಮಾದರಿ: ಸೋಮಾರಿತನ."

ನಿನ್ನೆ ಸಂಜೆ ಬ್ಯಾಂಡ್ ವಾಪಸ್ ಕೊಡಲು, ತಪ್ಪೊಪ್ಪಿಗೆಗೆಂದೇ ಅತ್ತೆಯ ಮನೆಗೆ ಹೋದೆ. ಮುಖ ಗಂಭೀರವಾಗಿತ್ತು. ಎಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು.

"ಛೆ ಛೆ. ಇದು ಮೋಸ ಕಣೇ."

"ಹೌದು ಅತ್ತೆ."

"ದೊಡ್ಡ ಮೋಸ." ಕನ್ನಡಕ ಮತ್ತೆ ಹಾಕಿಕೊಂಡರು. "ಭಾನುವಾರನೂ ಲ್ಯಾಬ್ ತೆಗ್ದಿರುತ್ತಾ?"

ಮಕ್ಕಳಿಗೆ ನಲವತ್ತು ವರ್ಷ ಶಿಸ್ತು ಕಲಿಸಿದ ಮಹಿಳೆ! ಇನ್ನು ದಿನವೂ ಡ್ಯೂಟಿಗೆ ಹೋಗುವ ದಾರಿಯಲ್ಲಿ ಬ್ಯಾಂಡ್ ಹಸ್ತಾಂತರ. ನೋಡಿದವರು ಕಳ್ಳಸಾಗಣೆ ಎಂದುಕೊಳ್ಳಬೇಕು, ಹಾಗೆ.

ಮಾರ್ಚ್ 9, ಭಾನುವಾರ

ಅಪ್ಪ ಸಮರ ಸಾರಿದ್ದಾರೆ. ಮಧ್ಯಾಹ್ನ ಅಂಗಡಿ ಶಟರ್ ಅರ್ಧ ಇಳಿಸಿ ಎರಡು ಗಂಟೆ ನಡಿಗೆ. ಸಂಜೆ ಮತ್ತೆ. ಮನೆಯಲ್ಲಿ ಹಲ್ಲುಜ್ಜುತ್ತ ನಡಿಗೆ, ಫೋನಿನಲ್ಲಿ ನಡಿಗೆ. ನಿನ್ನೆ ಟೀವಿಯಲ್ಲಿ ನ್ಯೂಸ್ ಓದುವವಳ ಎದುರು ಅಡ್ಡಡ್ಡ ಓಡಾಡಿ ಅಮ್ಮನಿಂದ ಬೈಸಿಕೊಂಡರು — "ಕೂತ್ಕೊಂಡು ನೋಡಿ, ಇಲ್ಲ ಆಚೆ ಹೋಗಿ. ನನಗೇನು ಲೋಲಕದ ಜೊತೆ ಮದುವೆ ಆಗಿದ್ಯಾ?"

ನಿನ್ನೆಯ ಲೆಕ್ಕ 19,450. ಮೂವತ್ತೊಂದು ವರ್ಷ ಕೂತ ಕಾಲುಗಳು, ಸವೆದ ಹಳೇ ಚಪ್ಪಲಿ. ಆದರೂ ಮುಖದಲ್ಲಿ ಏನೋ ಹೊಳಪು. ಅತ್ತೆಯ ಲೆಕ್ಕ ಬಂದಾಗಲೆಲ್ಲ ತಲೆ ಅಲ್ಲಾಡಿಸುತ್ತಾರೆ. "ಅರವತ್ತೊಂದು ವರ್ಷಕ್ಕೆ! ಏನ್ ಹೆಂಗಸಪ್ಪ!"

ಈ ಬರಹಗಾರ್ತಿಗೆ ಊಟದ ತಟ್ಟೆಯಲ್ಲಿ ಅಪಾರ ಆಸಕ್ತಿ ಹುಟ್ಟಿತು. ತಲೆ ಎತ್ತಲಿಲ್ಲ.

ಮಾರ್ಚ್ 14, ಶುಕ್ರವಾರ

ಅಪ್ಪ ಕುಂಟುತ್ತಿದ್ದಾರೆ. ಬಲಗಾಲು. ನಾನು ನೋಡುವಾಗ ನೇರ, ತಿರುಗಿದ ಕೂಡಲೇ ಕುಂಟು. ಪಾದದ ಮೇಲೆ ಸ್ವಲ್ಪ ಊದಿದೆ.

ನಗು ಬರಲಿಲ್ಲ. ಬ್ಯಾಂಡ್ ಲ್ಯಾಬಿನಿಂದ ತಂದು ಅತ್ತೆಗೆ ವಾಪಸ್ ಕೊಟ್ಟೆ. ಯಂತ್ರದ ನಡಿಗೆ ಬಂದ್.

ಆದರೆ ಅಷ್ಟರಲ್ಲೇ ಅತ್ತೆ ಅರವತ್ತೊಂದು ಸಾವಿರ ಮುಂದಿದ್ದಾರೆ. ಅಪ್ಪ ರದ್ದಿ ಕಾಗದದ ಮೇಲೆ ಭಾಗಾಕಾರ ಮಾಡಿ ಗೋಡೆಗೆ ಅಂಟಿಸಿದ್ದಾರೆ: ದಿನಕ್ಕೆ ಇಪ್ಪತ್ತಾರು ಸಾವಿರ. ಕುಂಟಿಕೊಂಡೇ.

ಮಾರ್ಚ್ 15, ಶನಿವಾರ. ಬೆಳಿಗ್ಗೆ

ಒಪ್ಪಿಕೊಂಡೆ. ನಿಜವಾಗಿ, ಕೈಕಟ್ಟಿ ನಿಂತು. ಲ್ಯಾಬು, ಯಂತ್ರ, ಲೇಬಲ್ಲು, ಎಲ್ಲ.

ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತ ನಕ್ಕರು. "ನಾನು ನಿಲ್ಲಿಸ್ಲಿ ಅಂತ ಕಥೆ ಕಟ್ತಿದೀಯ. ಹೋದ ವರ್ಷ ಬಾತ್‌ರೂಮಲ್ಲಿ ಹಾವು ಅಂದಿದ್ದು ನೀನೇ ಅಲ್ವಾ? ಪೈಪ್ ಅದು."

"ಅಪ್ಪಾ, ಇದು ನಿಜ."

"ಆಗ್ಲೂ ಹಾಗೇ ಅಂದಿದ್ದೆ."

ಅತ್ತೆಗೆ ಫೋನ್ ಮಾಡಿ, ನೀವೇ ಹೇಳಿ ಎಂದು ಅಂಗಲಾಚಿದೆ. ಅತ್ತೆಗೆ ಅನುಮಾನ. "ಅವನೇ ನಿನ್ನ ಕೈಲಿ ಫೋನ್ ಮಾಡಿಸ್ತಿದಾನೆ. ಕಾಲು ನೋವಂತೆ! ನನ್ನ ಬಾಯಿಂದ ತೆಗ್ಸೋಕೆ ನಾಟಕ. ಚಿಕ್ಕವನಿದ್ದಾಗ ಸ್ಕೂಲಿಗೆ ಚಕ್ಕರ್ ಹಾಕೋಕೂ ಇದೇ ಕಾಲು."

ಇಪ್ಪತ್ತೆರಡು ವರ್ಷ ಶ್ರಮಿಸಿ ಗಳಿಸಿದ ತರಲೆಯ ಕೀರ್ತಿ. ಒಂದೇ ಬೆಳಿಗ್ಗೆ ಎರಡು ಕಡೆ ಫಲ ಕೊಟ್ಟಿತು.

ಮಾರ್ಚ್ 17, ಸೋಮವಾರ

ಅಮ್ಮ ಗದರಿಸಿ ಅಪ್ಪನನ್ನು ನಮ್ಮ ಆಸ್ಪತ್ರೆಗೇ ತಂದರು. ಮೂಳೆ ಡಾಕ್ಟ್ರು ಒತ್ತಿ ನೋಡಿದರು. ಎರಡನೇ ಬೆರಳಿನ ಹಿಂದೆ ಒತ್ತಿದಾಗ ಅಪ್ಪ ಕುರ್ಚಿಯಿಂದ ಅರ್ಧ ಎದ್ದರು. ಎಕ್ಸ್-ರೇ ಆಯಿತು. ಅದರಲ್ಲಿ ಏನೂ ಇಲ್ಲ.

"ಎಕ್ಸ್-ರೇ ಕ್ಲೀನ್ ಇದೆ" ಎಂದರು ಡಾಕ್ಟ್ರು. "ಆದ್ರೆ ಒತ್ತಡದ ಬಿರುಕು ಶುರುವಿನಲ್ಲಿ ಎಕ್ಸ್-ರೇಲಿ ಕಾಣಲ್ಲ. ಎರಡು ಮೂರು ವಾರ ಬೇಕು. ಅಲ್ಲೀತನಕ ನಡೀಬೇಡಿ. ಎಂ.ಆರ್.ಐ. ಬರೆದಿದೀನಿ."

ಎಂ.ಆರ್.ಐ. ಸರದಿ ಬರುವುದು ಏಪ್ರಿಲ್ ಒಂಬತ್ತಕ್ಕೆ.

ಅಪ್ಪನ ಕಿವಿಗೆ ಹೋದದ್ದು ಮೊದಲ ವಾಕ್ಯ ಮಾತ್ರ. ಕಾರಿಡಾರಿನಲ್ಲೇ ಗ್ರೂಪಿಗೆ ವಾಯ್ಸ್ ಮೆಸೇಜ್: "ಎಕ್ಸ್-ರೇ ಕ್ಲೀನ್! ಭಾನುವಾರ ಮೂವತ್ತು ಸಾವಿರ. ಅಕ್ಕ, ಮೂರು ದಿನದಿಂದ ನಿನ್ನ ಲೆಕ್ಕ ಬಿದ್ದಿದೆ, ಸುಸ್ತಾ? ಪೆನ್ನು ರೆಡಿ ಇಟ್ಕೋ."

ಡಾಕ್ಟ್ರನ್ನು ಹಿಂಬಾಲಿಸಿ ಕೇಳಿದೆ: ಮಾತು ಕೇಳದೆ ನಡೆದರೆ? "ಈಗ ಕೂದಲೆಳೆ ಇರಬಹುದು. ಪೂರ್ತಿ ಮುರಿದ್ರೆ, ಜರುಗಿದ್ರೆ, ಆಪರೇಷನ್."

ಅಂಗಡಿಯಲ್ಲಿ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ಕೂರಿಸುವ ಮನುಷ್ಯ. ಅವರ ಪಾದ ನನ್ನ ಜೋಕಿಗೆ ಸೀಳುತ್ತಿದೆ. ಭಾನುವಾರಕ್ಕೆ ಆರು ದಿನ.

ಮಾರ್ಚ್ 18, ಮಂಗಳವಾರ. ಮಧ್ಯಾಹ್ನ

ಮೇಡಂ ಹತ್ತಿರ ಕೇಳಿದೆ. ನಮ್ಮ ಯಂತ್ರದಲ್ಲಿ ನೋಡಬಹುದಾ?

"ಎಲ್ಲರೂ ಹೇಳ್ತಾರೆ, ಶಬ್ದ ಮೂಳೆ ಒಳಗೆ ಹೋಗಲ್ಲ ಅಂತ" ಎಂದೆ.

"ಒಳಗೆ ಯಾಕೆ ಹೋಗ್ಬೇಕು? ಬಾಗಿಲಲ್ಲಿ ನಿಂತ್ರೆ ಸಾಕು. ಮೂಳೆ ಮೇಲ್ಮೈ ಬಿಳೀ ಗೆರೆ ಥರ ಕಾಣುತ್ತೆ. ಗೆರೆ ಮುರಿದಿದ್ಯಾ, ಅದರ ಮೇಲೆ ಕಪ್ಪಗೆ ನೀರು ನಿಂತಿದ್ಯಾ, ಅಲ್ಲಿ ರಕ್ತ ಜಾಸ್ತಿ ಓಡ್ತಿದ್ಯಾ — ಇಷ್ಟು ನೋಡೋದು. ಕಂಡ್ರೆ ಇದೆ. ಕಾಣ್ದಿದ್ರೆ ಇಲ್ಲ ಅಂತ ಅಲ್ಲ, ನೆನಪಿಟ್ಕೋ." ಆಮೇಲೆ ಕನ್ನಡಕದ ಮೇಲಿಂದ ನೋಡಿದರು. "ಇದು ನಿನ್ನ ತರಲೆ ಅಲ್ಲ ತಾನೆ?"

ಅಲ್ಲ ಮೇಡಂ. ಎಂ.ಆರ್.ಐ. ಚೀಟಿ ಮುಂದಿಟ್ಟೆ. ಅದನ್ನು ನೋಡಿಯೇ ನಂಬಿದರು ಅನಿಸುತ್ತದೆ.

"ನಾಳೆ ನಾಲ್ಕಕ್ಕೆ ಕರ್ಕೊಂಡು ಬಾ. ಕೈ ನಿಂದು. ನಾನು ಪಕ್ಕದಲ್ಲಿರ್ತೀನಿ."

ಅಪ್ಪನನ್ನು ಒಪ್ಪಿಸಿದ್ದು ಹೀಗೆ: "ಪರೀಕ್ಷೆಗೆ ಪ್ರಾಕ್ಟೀಸ್ ಬೇಕು, ಒಂದು ಕಾಲು ಕೊಡಿ." ಅಪ್ಪ ಧಾರಾಳಿ. "ಎರಡೂ ತಗೋ."

ಮಾರ್ಚ್ 19, ಬುಧವಾರ. ಸಂಜೆ 6.30

ಕೈ ಇನ್ನೂ ಜೆಲ್ ಜೆಲ್ ಆಗಿದೆ. ಎಲ್ಲ ಬರೆಯಬೇಕು.

ಅಪ್ಪ ಮೇಜಿನ ಮೇಲೆ ಮಂಡಿ ಮಡಚಿ, ಪಾದ ಊರಿ ಕೂತರು. ಈ ಪಾದವನ್ನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಚಪ್ಪಲಿ ಪಟ್ಟಿಯ ಅಡಿಯಲ್ಲಿ ಮಗುವಿನ ಬಣ್ಣ, ಉಳಿದದ್ದು ಬೀದಿಯ ಬಣ್ಣ.

ಮೇಡಂ ಕಾನೂನು ಒಂದು: ಮೊದಲು ನೋವಿಲ್ಲದ ಕಾಲು. ಎಡಪಾದ ನೋಡಿದೆ. ಪರದೆಯಲ್ಲಿ ಬಿಳಿ ಗೆರೆ, ನೀಟಾಗಿ, ಸ್ಕೇಲ್ ಇಟ್ಟು ಎಳೆದ ಹಾಗೆ. ಕಾನೂನು ಎರಡು: ನೋವಿರುವ ಕಡೆ ಒಂದೇ ಬೆರಳು ಇಡಲಿ. ಅಪ್ಪ ಬಲಪಾದದ ಮೇಲೆ ತೋರುಬೆರಳು ಇಟ್ಟರು. ಎರಡನೇ ಬೆರಳಿನ ಹಿಂದೆಯೇ.

ಯಂತ್ರದ ಕೈಯಾದ ಪ್ರೋಬನ್ನು ಅಲ್ಲಿ ಇಟ್ಟೆ. ಬಿಳಿ ಗೆರೆ ಬಂತು. ಸರಿಯಾಗಿಯೇ ಇತ್ತು. ಜರುಗಿಸಿದೆ. ಸರಿಯಾಗಿಯೇ ಇತ್ತು. ರಕ್ತದ ಓಟ ತೋರಿಸುವ ಬಣ್ಣ ಹಾಕಿದೆ. ಒಂದು ಚುಕ್ಕಿಯೂ ಇಲ್ಲ. ಕಾಣಲೇಬೇಕೆಂದು ಇನ್ನೂ ಬಿಗಿಯಾಗಿ ಹಿಡಿದೆ. ಅಪ್ಪ ಹಲ್ಲು ಕಚ್ಚಿದರು, ಆದರೂ ನಕ್ಕರು.

"ನೋಡ್ದಾ? ಕ್ಲೀನ್. ಇಳೀಲಾ ಇನ್ನು? ಇವತ್ತು ಇನ್ನೂ ಹದಿನಾರು ಸಾವಿರ ಬಾಕಿ ಇದೆ."

ಮುಗಿಯಿತು, ಇನ್ನು ಇವರನ್ನು ಯಾರೂ ತಡೆಯಲಾರರು.

ಮೇಡಂ ಪರದೆ ನೋಡುತ್ತಿರಲಿಲ್ಲ. ನನ್ನ ಬೆರಳ ಗೆಣ್ಣು ನೋಡುತ್ತಿದ್ದರು. "ಯಾಕಮ್ಮ ಇಷ್ಟು ಭಾರ? ಕಾಲು ಓಡಿಹೋಗುತ್ತೆ ಅಂತಾನಾ? ನೀನು ಒತ್ತಿದ್ರೆ ಅಲ್ಲಿರೋ ನೀರು ಪಕ್ಕಕ್ಕೆ ಹೋಗುತ್ತೆ, ಸಣ್ಣ ರಕ್ತನಾಳ ಮುಚ್ಕೊಳುತ್ತೆ. ಹೆದರಿಕೊಂಡು ಒತ್ತಿ ಒತ್ತಿ ನೀನೇ ಅಳಿಸ್ತಿದೀಯ."

ಪಾದದ ಮೇಲೆ ಜೆಲ್ಲನ್ನು ಗುಡ್ಡೆ ಹಾಕಿದರು, ಅರ್ಧ ಬಾಟಲಿ. "ಪ್ರೋಬ್ ಚರ್ಮಕ್ಕೆ ತಾಗ್ಬಾರ್ದು. ಜೆಲ್ ಮೇಲೆ ತೇಲ್ಬೇಕು. ಉಸಿರು ಬಿಡು."

ಬಿಟ್ಟೆ. ಕೈ ಹಗುರ ಮಾಡಿದೆ. ಅಪ್ಪ ವಾಚಿನ ಮುಳ್ಳು ಎತ್ತುವಾಗ ಇಕ್ಕಳ ಹಿಡಿಯುತ್ತಾರಲ್ಲ, ಹಾಗೆ ಹಿಡಿದೆ.

ಬಿಳಿ ಗೆರೆಯ ಮೇಲೆ ಮೆಲ್ಲಗೆ ಒಂದು ತೆಳು ಕಪ್ಪು ಪಟ್ಟಿ ಬಿಚ್ಚಿಕೊಂಡಿತು. ಅದರ ಸುತ್ತ ಕೆಂಪು ಕಿಡಿಗಳು: ಒಂದು, ಮೂರು, ಆಮೇಲೆ ಎಣಿಸಲಾಗದಷ್ಟು, ಅಪ್ಪನ ಎದೆಬಡಿತಕ್ಕೆ ತಕ್ಕ ಹಾಗೆ ಹೊತ್ತಿ ಆರಿ ಹೊತ್ತಿ. ಮೇಡಂ "ಹ್ಞಾ" ಎಂದರು, ಅಷ್ಟೇ.

ಮೊದಲು ಮಾತಾಡಿದ್ದು ಅಪ್ಪ. ಕತ್ತು ಮುಂದೆ ಚಾಚಿ, ಒಂದು ಕಣ್ಣು ಕಿರಿದು ಮಾಡಿ, ಇಲ್ಲದ ಭೂತಗನ್ನಡಿಯಲ್ಲಿ ನೋಡುವ ಹಾಗೆ ನೋಡಿದರು. "ಆ ಬಿಳೀ ತಂತಿ ಮೇಲೆ... ಅಲ್ಲಿ. ಕೂದಲು ಬಿದ್ದ ಹಾಗಿದೆಯಲ್ಲ?"

ಬಿದ್ದಿತ್ತು. ಗೆರೆಯಲ್ಲಿ ಒಂದು ಸಣ್ಣ ಮೆಟ್ಟಿಲು. ನಾನು ನೋಡಿರಲಿಲ್ಲ.

"ಸ್ಪ್ರಿಂಗಲ್ಲಿ ಹೀಗೇ ಬರೋದು" ಎಂದರು ಅಪ್ಪ ನಿಧಾನವಾಗಿ. "ಒಂದೇ ಏಟಿಗಲ್ಲ. ಬಗ್ಗಿ, ಬಗ್ಗಿ, ಬಗ್ಗಿ... ಒಂದು ದಿನ ಕೂದಲೆಳೆ. ಆಗ ನಿಲ್ಲಿಸ್ಬೇಕು. ನಿಲ್ಲಿಸ್ದಿದ್ರೆ ಟಪ್." ಪಾದವನ್ನು ಹಾಗೇ ನೋಡಿದರು. ಆಮೇಲೆ ಕೈಯಿಂದ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಯಾರೂ ಹೇಳಬೇಕಾಗಲಿಲ್ಲ.

ಗೆದ್ದೆ! ಮೂಳೆ ಮುರಿದದ್ದಕ್ಕೆ ಮೇಡಂ ಎದುರು ಕುಣಿಯುವುದು ಸಭ್ಯತೆಯಲ್ಲ. ಒಳಗೇ ಕುಣಿದೆ.

ಆದರೆ ದೈವ ದೊಡ್ಡ ತರಲೆ. ನನ್ನ ಭುಜ ಹಿಡಿದು ಹೊರಗೆ ಬಂದ ಅಪ್ಪ ಲ್ಯಾಬ್ ಬಾಗಿಲಲ್ಲಿ ನಿಂತುಬಿಟ್ಟರು. ಕಿವಿ ನಿಮಿರಿತ್ತು. ಒಳಗೆ ಯಂತ್ರ: ಟಕ್-ಟಕ್, ಟಕ್-ಟಕ್. ವಾಚ್ ನೋಡುತ್ತ ಒಂದು ನಿಮಿಷ ಎಣಿಸಿದರು.

"ನಲವತ್ತೆರಡು."

"ಅಪ್ಪಾ..."

"ಅಕ್ಕನೂ ನಿಮಿಷಕ್ಕೆ ನಲವತ್ತೆರಡು. ಎಂಟರಿಂದ ನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಗ್ರಾಫ್ ನೋಡಿ ನಾನು ಮೆಚ್ಕೊಂಡಿದ್ದೆ ಕಣೆ, ಏನು ಶಿಸ್ತು ಅಂತ!"

ಅಪ್ಪನ ಹೊಟ್ಟೆ ಅಲುಗಾಡತೊಡಗಿತು. ಆಮೇಲೆ ಭುಜ. ಕೊನೆಗೆ ಕಾರಿಡಾರಿನವರೆಲ್ಲ ತಿರುಗಿ ನೋಡುವ ಹಾಗೆ ನಗು. ಒಂಟಿಕಾಲಿನಲ್ಲಿ, ನನ್ನ ಕುತ್ತಿಗೆಗೆ ಜೋತುಬಿದ್ದು ನಕ್ಕರು.

"ಶನಿವಾರ ನಿಜಾನೇ ಹೇಳಿದ್ದೆ ನಾನು."

"ಹೇಳಿದ್ದೆ. ಅದೇ ನಿನ್ನ ಮೊದಲ ತಪ್ಪು. ಶಿಕ್ಷೆ ಆಮೇಲೆ ಹೇಳ್ತೀನಿ."

ಮಾರ್ಚ್ 20, ಗುರುವಾರ

ಮೂಳೆ ಡಾಕ್ಟ್ರು ನಮ್ಮ ಚಿತ್ರಗಳನ್ನು ಮೂರು ಸಲ ನೋಡಿದರು. "ಅಲ್ಟ್ರಾಸೌಂಡಲ್ಲಿ ಮೂಳೆನಾ?" ಎಂದು ಶುರುವಾದ ಮಾತು "ಈ ಕಿಡಿ ಇನ್ನೊಂದ್ಸಲ ತೋರ್ಸಿ" ಎಂದು ಮುಗಿಯಿತು. ಅಪ್ಪನಿಗೆ ಗಟ್ಟಿ ಬೂಟು, ಆರು ವಾರ. ಎರಡು ವಾರಕ್ಕೆ ಮತ್ತೆ ಎಕ್ಸ್-ರೇ.

ಸಂಜೆ ಅತ್ತೆ ಬಂದರು, ನಾಟಕ ಹಿಡಿಯಲು. ಬೂಟು ನೋಡಿದರು. ಚಿತ್ರ ತೋರಿಸಿದೆ. ವಿಸಿಲ್ ದನಿ ಎಲ್ಲಿ ಹೋಯಿತೋ.

"ನಾನೇ ಕಣೋ" ಎಂದರು ಕುರ್ಚಿಯಲ್ಲಿ ಕುಸಿದು. "ಹೆಜ್ಜೆನೂ ಸುಳ್ಳು. ಗಡಿಯಾರನೂ ನಾನೇ. ಅವತ್ತು ಮನೆ ಒಳಗೆ ಚೆಂಡಾಡ್ತಿದ್ದೆ. ಗಾಜಿನ ಬಾಗಿಲಿಗೆ ತಾಗ್ತು. ಅದಾದ್ಮೇಲೇ ನಿಂತಿದ್ದು."

ಅಪ್ಪ ಬೂಟನ್ನೇ ನೋಡುತ್ತ: "ಇಲ್ಲಕ್ಕ. ನಾನೇ. ಅವತ್ತು ಬೆಳಿಗ್ಗೆ ಲೋಲಕ ಹಿಡಿದು ಎಳೆದಿದ್ದೆ. ಅದಕ್ಕೇ ಇಷ್ಟು ವರ್ಷ ಬಿಚ್ಚಿ ನೋಡಿಲ್ಲ. ಬಿಚ್ಚಿದ್ರೆ ಗೊತ್ತಾಗ್ಬಿಡುತ್ತೆ ಅಂತ."

ಅಮ್ಮ ಒಳಗಿನಿಂದ: "ಅಯ್ಯೋ ರಾಮ. ಇಬ್ಬರೂ ಒಂದೊಂದು ಕಾಗದ ಬರೀರಿ. ಕರಡು ರೆಡಿ ಇದೆ."

ಮಾರ್ಚ್ 23, ಭಾನುವಾರ

ಮೂವತ್ತು ಸಾವಿರದ ಭಾನುವಾರ. ಅಪ್ಪನ ಹೆಜ್ಜೆ: 212. ಎಲ್ಲವೂ ಬಾತ್‌ರೂಮಿಗೆ.

ಗಡಿಯಾರ ಮನೆಗೆ ಬಂತು. ನಾನೂ ಅತ್ತೆಯೂ ಹೊತ್ತು ತಂದೆವು. ಏಳು ವರ್ಷದ ಮಗುವಿನಷ್ಟು ಎತ್ತರ, ಎಮ್ಮೆಯಷ್ಟು ಭಾರ. ಬೂಟು ದಿಂಬಿನ ಮೇಲೆ, ಭೂತಗನ್ನಡಿ ಕಣ್ಣಿನಲ್ಲಿ. ಅಪ್ಪ ಹಿಂಬದಿ ಬಿಚ್ಚಿದರು. ಲೋಲಕ ಯಾವ ತೆಳು ಉಕ್ಕಿನ ಪಟ್ಟಿಯಿಂದ ತೂಗುತ್ತದೋ ಆ ಪಟ್ಟಿ ತುಂಡಾಗಿತ್ತು. ಇಕ್ಕಳದಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅತ್ತೆ ಉಸಿರೇ ಬಿಡಲಿಲ್ಲ.

"ಏಟಿಗೆ ಮುರಿದ್ರೆ ಬಗ್ಗಿರ್ಬೇಕು. ಬಗ್ಗಿಲ್ಲ" ಎಂದರು ಅಪ್ಪ. "ಅಂಚಿಂದ ಅರ್ಧದ ತನಕ ಹಳೇ ಬಿರುಕು, ತುಕ್ಕು ಹಿಡಿದು ಕಪ್ಪಾಗಿದೆ. ಆಮೇಲೆ ಉಳಿದರ್ಧ." ಭೂತಗನ್ನಡಿ ತೆಗೆದು ಅಕ್ಕನಿಗೆ ಕೊಟ್ಟರು. "ನೋಡು. ನನ್ನ ಕಾಲಿಗೆ ಆಗಿದ್ದೇ ಇದಕ್ಕೂ ಆಗಿತ್ತು. ಹೊತ್ತು ಗೊತ್ತಿಲ್ಲದೆ ನಡೆದು ನಡೆದು. ಚೆಂಡೂ ಅಲ್ಲ, ನಾನೂ ಅಲ್ಲ."

"ಹಾಗಾದ್ರೆ ಆ ಏಟು?" ಎಂದರು ಅತ್ತೆ. "ನಮ್ಮಪ್ಪ ಕೊಟ್ಟಿದ್ದು?"

"ಇಬ್ಬರಿಗೂ ಸುಮ್ಮನೆ ಬಿತ್ತು."

ಅಕ್ಕ-ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತೆ ಮೊದಲು ನಕ್ಕರು. ಮೂಗು ಒರೆಸಿಕೊಂಡು, ಮತ್ತೆ ನಕ್ಕರು. ಸಹಿ ಹಾಕದ ಪತ್ರದಲ್ಲಿ, ಹೆಸರಿನ ಜಾಗದಲ್ಲಿ, ನಾನು ಗಡಿಯಾರದ ಹೆಸರು ಬರೆದೆ.

ಏಪ್ರಿಲ್ 3, ಗುರುವಾರ

ಎರಡನೇ ಎಕ್ಸ್-ರೇ. ಈಗ ಕಂಡಿತು: ಮೂಳೆಯ ಪಕ್ಕದಲ್ಲಿ ಪುಟ್ಟ ಬಿಳಿ ಮೋಡ, ಬಿರುಕು ತಾನೇ ಬೆಸೆದುಕೊಳ್ಳುತ್ತಿರುವ ಗುರುತು. ನಾವು ಬೊಟ್ಟು ಮಾಡಿದ ಜಾಗದಲ್ಲೇ. ಮೂಳೆ ಡಾಕ್ಟ್ರು ಮೂವರು ಜೂನಿಯರ್‌ಗಳನ್ನು ನಮ್ಮ ಕೋಣೆಗೆ ಕರೆತಂದರು. ಮೇಡಂ ನನ್ನ ಕಡೆ ಕೈ ತೋರಿಸಿ, "ಇವಳನ್ನ ಕೇಳಿ, ಕೈ ಹಗುರ" ಎಂದರು.

ಈ ವಾಕ್ಯಕ್ಕೆ ಚೌಕಟ್ಟು ಹಾಕಿಸಬೇಕು. ಗಿಲೀಟಿನದು.

ಗಡಿಯಾರ ನಿನ್ನೆಯಿಂದ ನಮ್ಮ ಹಾಲಿನಲ್ಲಿ ನಡೆಯುತ್ತಿದೆ. ಹೊಸ ಪಟ್ಟಿ. ಟಕ್ ಎಂದರೆ ಒಂದು ಸೆಕೆಂಡು, ಟಕ್ ಎಂದರೆ ಇನ್ನೊಂದು. ನನ್ನ ಶಿಕ್ಷೆ ಪ್ರಕಟವಾಯಿತು: ವಾರಕ್ಕೊಮ್ಮೆ ಕೀ ಕೊಡುವುದು, ಜೀವಾವಧಿ.

ಅತ್ತೆ ಏಪ್ರಿಲ್‌ನಲ್ಲಿ ನಿಜವಾಗಿ ನಡೆಯುತ್ತಾರಂತೆ. ಅಳತೆಯಲ್ಲಿ, ಒಳ್ಳೆಯ ಶೂ ಹಾಕಿಕೊಂಡು. "ನೀನು ಕೂತ್ಕೊಂಡು ನೋಡೋ" ಎಂದು ತಮ್ಮನಿಗೆ ಸವಾಲು. ಅಪ್ಪ ಗಡಿಯಾರದ ಕಡೆ ನೋಡಿ ತಲೆ ಆಡಿಸಿದರು. ಯಾಕೋ ಅನುಮಾನ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ 7.10

ಗ್ರೂಪಿನಲ್ಲಿ ನಿನ್ನೆಯ ಲೆಕ್ಕ:

ಅತ್ತೆ: 9,112.
ಅಪ್ಪ: 86,400.

ಅಪ್ಪ ನಿನ್ನೆ ಪೂರ್ತಿ ಕುರ್ಚಿಯಲ್ಲಿದ್ದರು. ಬೂಟು, ದಿಂಬು, ಪೇಪರ್. ನಾನೇ ಸಾಕ್ಷಿ.

ಅರವತ್ತು ಅರವತ್ತಲಿ, ಅದು ಇಪ್ಪತ್ನಾಲ್ಕು ಸಲ... ಒಂದು ದಿನಕ್ಕೆ ಎಷ್ಟು ಸೆಕೆಂಡೋ ಅಷ್ಟು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

ಹಾಲಿಗೆ ಓಡಿದೆ. ಗಡಿಯಾರದ ಗಾಜಿನ ಬಾಗಿಲ ಹಿಂದೆ, ತಾತನ ಲೋಲಕದ ಹೊಟ್ಟೆಗೆ, ಅಂದವಾಗಿ ಕಟ್ಟಿಕೊಂಡು ಆಚೆ-ಈಚೆ ಹೋಗುತ್ತಿದೆ ಅಪ್ಪನ ಬ್ಯಾಂಡ್. ಕೆಳಗೊಂದು ಲೇಬಲ್ಲು ಕೂಡ. ಲ್ಯಾಬಿನದು! ಗೆಳತಿ ಶತ್ರುಪಾಳಯ ಸೇರಿದ್ದಾಳೆ.

ಅಪ್ಪ ಪೇಪರ್ ಕೆಳಗಿಳಿಸಲಿಲ್ಲ. "ಡಾಕ್ಟ್ರು ಕಾಲಿಗೆ ಭಾರ ಹಾಕ್ಬೇಡಿ ಅಂದ್ರು. ಹಾಕಿಲ್ಲ."

ಆ ಮುಖದ ಗಾಂಭೀರ್ಯ! ನಾನು ಎಲ್ಲಿಂದ ಬಂದವಳು ಎಂದು ಇವತ್ತು ಗೊತ್ತಾಯಿತು.

ಗೇಟಿನ ಸದ್ದು. ಅತ್ತೆ. ಈ ಸಲ ನಿಜವಾದ ವಿಸಿಲ್ಲೇ ತಂದಿದ್ದಾರೆ, ಊದುತ್ತಿದ್ದಾರೆ, ಬೀದಿ ಪೂರ್ತಿ ಎದ್ದಿದೆ. ಅಪ್ಪ ಪೇಪರ್ ಹಿಂದಿನಿಂದ, "ಬಾಗಿಲು ನೀನು ತೆಗಿ, ನಂಗೆ ನಡೆಯೋ ಹಾಗಿಲ್ಲ" ಎನ್ನುತ್ತಿದ್ದಾರೆ. ಹೋಗಬೇಕು. ಮುಖ ಸರಿಮಾಡಿಕೊಂಡು, ಕೈಕಟ್ಟಿ, ಅತ್ತೆಗೆ ವಿನಮ್ರವಾಗಿ ಅರಿಕೆ ಮಾಡಬೇಕು, ಅಪ್ಪ ನಿನ್ನೆ ಇಡೀ ದಿನ ನಿಲ್ಲದೆ ನಡೆ—